ವಾಸಿಯಾಗದ ಕಾಯಿಲೆ ಮತ್ತು ವೈದ್ಯರ ಮನಸ್ಸು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಲದ ಪಟ್ಟಿಯಲ್ಲಿ ಎಂಬಿಬಿಎಸ್, ನರ್ಸಿಂಗ್, ಫಾರ್ಮಸಿ ಓದುವ ಮಕ್ಕಳು ಹಲವರಿದ್ದಾರೆ. ಅವರಿಗಾಗಿಯೇ ಈ ವಿಷಯ ಆರಿಸಿಕೊಂಡಿದ್ದೇನೆ. ನಾನು ವೈದ್ಯಳಲ್ಲ, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ಆದರೆ ನಮ್ಮ ಯಜಮಾನರಿಗೆ 18 ವರ್ಷಗಳಿಂದ ಸಕ್ಕರೆ ಕಾಯಿಲೆ. ಹಾಗಾಗಿ ಡಾಕ್ಟರ ಕೋಣೆಯ ಹೊರಗಿನ ಬೆಂಚು ನನಗೆ ಚೆನ್ನಾಗಿ ಪರಿಚಯ. ಆ ಬೆಂಚಿನ ಮೇಲೆ ಕುಳಿತವರ ಕಷ್ಟವನ್ನು ಎಲ್ಲರೂ ಹೇಳುತ್ತಾರೆ. ಒಳಗೆ ಕುರ್ಚಿಯಲ್ಲಿ ಕುಳಿತವರಿಗೆ ಏನನ್ನಿಸುತ್ತದೆ ಎಂದು ಕೇಳುವವರು ಕಡಿಮೆ.

ನಾನು ಕೇಳಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಅವಳು ಹೇಳಿದ್ದು ಹೀಗೆ: "ಟೀಚರ್, ನ್ಯುಮೋನಿಯಾದವರು ಹತ್ತು ದಿನದಲ್ಲಿ ಗುಣವಾಗಿ ನಗುತ್ತಾ ಹೋಗುತ್ತಾರೆ. ಶುಗರಿನವರು ಪ್ರತಿ ತಿಂಗಳು ಬರುತ್ತಾರೆ, ಪ್ರತಿ ತಿಂಗಳೂ ಅದೇ 280. ಅವರು ಬಾಗಿಲಲ್ಲಿ ಕಂಡರೆ ಸಾಕು, ನನಗೆ ಸುಸ್ತಾಗುತ್ತದೆ. ಬೈದುಬಿಡುತ್ತೇನೆ. ಸಿಟ್ಟು ಅವರ ಮೇಲಲ್ಲ. ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲವಲ್ಲ ಅಂತ."

ಇಷ್ಟು ಪ್ರಾಮಾಣಿಕವಾಗಿ ಮಾತಾಡುವವರು ವಿರಳ, ಆದರೆ ಈ ಭಾವನೆ ಅವಳೊಬ್ಬಳದಲ್ಲ. 1978ರಲ್ಲಿ ಅಮೆರಿಕದ ಮನೋವೈದ್ಯ ಜೇಮ್ಸ್ ಗ್ರೋವ್ಸ್, ವೈದ್ಯರು ಒಳಗೊಳಗೇ ದ್ವೇಷಿಸುವ ರೋಗಿಗಳ ಬಗ್ಗೆಯೇ ಒಂದು ಲೇಖನ ಬರೆದರು. 1988ರಲ್ಲಿ ಟಾಮ್ ಓಡೌಡ್ ಎಂಬ ವೈದ್ಯರು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ 'ಹಾರ್ಟ್‌ಸಿಂಕ್' ರೋಗಿಗಳು ಎಂದು ಬರೆದರು. ಪಟ್ಟಿಯಲ್ಲಿ ಹೆಸರು ಕಂಡೊಡನೆ ಡಾಕ್ಟರ ಎದೆ ಕುಸಿಯುವಂಥ ರೋಗಿಗಳು ಎಂದರ್ಥ. ಅವರೆಲ್ಲ ದೀರ್ಘಕಾಲದ ಕಾಯಿಲೆಯವರೇ ಎಂದಲ್ಲ, ಮತ್ತೆ ಮತ್ತೆ ಬರುವವರು. ಗಮನಿಸಿ, ಕುಸಿಯುವ ಎದೆ ಡಾಕ್ಟರದು, ಹೆಸರು ಮಾತ್ರ ರೋಗಿಯ ತಲೆಗೆ! ಗ್ರೋವ್ಸ್ ಹೇಳಿದ್ದು ನನಗೆ ಸರಿ ಅನ್ನಿಸುತ್ತದೆ: ಇಂಥ ಭಾವನೆ ಬರುವುದು ತಪ್ಪಲ್ಲ, ಇಲ್ಲವೆಂದು ಮುಚ್ಚಿಟ್ಟರೆ ಅದು ಚಿಕಿತ್ಸೆಯಲ್ಲಿ ಹೊರಬರುತ್ತದೆ.

ಯಾಕೆ ಹೀಗಾಗುತ್ತದೆ? ಗುಣಪಡಿಸುವ ಆಸೆಯಿಂದಲೇ ಮಕ್ಕಳು ಮೆಡಿಕಲ್ಲಿಗೆ ಸೇರುತ್ತಾರೆ. ಕಲಿಯುವುದೂ ಹೆಚ್ಚಾಗಿ ವಾರ್ಡಿನಲ್ಲಿ, ದಾಖಲಾಗಿ ಬಿಡುಗಡೆಯಾಗುವ ರೋಗಿಗಳ ನಡುವೆ. ಆದರೆ ಕಾಯಿಲೆಗಳೇ ಬದಲಾಗಿವೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಕೊಟ್ಟರು. ಅದಕ್ಕೆ ಮುಂಚೆ ಅಂಥ ಮಕ್ಕಳು ಒಣಗಿ ಸಾಯುತ್ತಿದ್ದರು. ಆ ಹುಡುಗ ಮತ್ತೆ 13 ವರ್ಷ ಬದುಕಿದ. ಬದುಕಿದ, ಆದರೆ ಗುಣವಾಗಲಿಲ್ಲ. ಔಷಧ ಅವನ ಪ್ರಾಣ ಉಳಿಸಿತು, ಜೊತೆಗೆ ದಿನವೂ ಸೂಜಿ ಚುಚ್ಚಿಕೊಳ್ಳುವ ಬದುಕನ್ನೂ ಕೊಟ್ಟಿತು. ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿದಂತೆ, ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರೇ 10 ಕೋಟಿಗೂ ಹೆಚ್ಚು. ಇವರೆಲ್ಲ ಬದುಕಿರುವವರೆಗೆ ಡಾಕ್ಟರ ಹತ್ತಿರ ಬರುತ್ತಲೇ ಇರುವವರು.

ಒಂದು ಲೆಕ್ಕ ಹಾಕೋಣ, ಟೀಚರ್ ಅಭ್ಯಾಸ ಬಿಡುವುದಿಲ್ಲ. ತಿಂಗಳಿಗೊಮ್ಮೆ 5 ನಿಮಿಷ ಡಾಕ್ಟರು ನೋಡಿದರೆ ವರ್ಷಕ್ಕೆ 1 ಗಂಟೆ. ವರ್ಷದಲ್ಲಿರುವುದು 8,760 ಗಂಟೆ. ಉಳಿದ 8,759 ಗಂಟೆ ರೋಗಿಯೇ ತನಗೆ ಡಾಕ್ಟರು. ಅಂದಮೇಲೆ ಆ ಒಂದು ಗಂಟೆಯಲ್ಲಿ ವೈದ್ಯರು ಮಾಡಬೇಕಾದದ್ದು ಪಾಠ. ಬೋಸ್ಟನ್ನಿನ ಡಾಕ್ಟರ್ ಎಲಿಯಟ್ ಜೋಸ್ಲಿನ್ ಇದನ್ನು ಇನ್ಸುಲಿನ್ ಬರುವ ಮೊದಲೇ ತಿಳಿದಿದ್ದರು. 1918ರಲ್ಲೇ ವೈದ್ಯರೂ ರೋಗಿಗಳೂ ಓದಬಹುದಾದ ಒಂದು ಕೈಪಿಡಿ ಬರೆದರು, ಕಲಿಸಲೆಂದೇ ನರ್ಸುಗಳನ್ನು ತಯಾರು ಮಾಡಿದರು. ಇನ್ಸುಲಿನ್ ತೆಗೆದುಕೊಳ್ಳುತ್ತಾ 50 ವರ್ಷ ಬಾಳಿದವರಿಗೆ ಅವರ ಹೆಸರಿನ ಕೇಂದ್ರ ಪದಕವನ್ನೇ ಕೊಡುತ್ತದೆ. ಪದಕ ರೋಗಿಗೆ! ಬಿಎಡ್ ಓದಿದ ನನಗೆ ಈ ಜೋಸ್ಲಿನ್ ನಮ್ಮ ಜಾತಿಯವರೇ ಅನ್ನಿಸಿದರು, ಮೇಷ್ಟ್ರ ಜಾತಿ.

ಬೈಗುಳದಿಂದ ಏನಾಗುತ್ತದೆಂದು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಬೀಡಿ ಕಟ್ಟಿ ಸಂಸಾರ ಸಾಗಿಸುವ ಒಬ್ಬ ಹೆಂಗಸು. ಶುಗರ್ ಜಾಸ್ತಿಯಾಗಿದೆ ಎಂದು ಡಾಕ್ಟರು ಹತ್ತು ಜನರ ಮುಂದೆ ಗದರಿಸಿ, "ಅನ್ನ ಬಿಡಿ ಅಂದ್ರೆ ಬಿಡೋದಿಲ್ಲ" ಎಂದರಂತೆ. ಆಕೆಯ ಮನೆಯಲ್ಲಿ ಇರುವುದು ರೇಷನ್ ಅಕ್ಕಿ. ಅದನ್ನು ಬಿಟ್ಟು ಏನು ತಿನ್ನಬೇಕು ಎಂದು ಕೇಳುವ ಧೈರ್ಯ ಬರಲಿಲ್ಲ. "ಸರಿ ಡಾಕ್ಟ್ರೇ" ಎಂದು ಬಂದವಳು ಮತ್ತೆ ಹೋಗಲೇ ಇಲ್ಲ. ಈ ಕಾಯಿಲೆಯಲ್ಲಿ ಕಾಲಿನ ನರ ಜೋಮು ಹಿಡಿಯುತ್ತದೆ, ಗಾಯವಾದರೂ ನೋವು ತಿಳಿಯುವುದಿಲ್ಲ. ಹೆಬ್ಬೆರಳಿನ ಗಾಯ ಕಂಡ ಮೇಲೂ ಬೈಗುಳಕ್ಕೆ ಹೆದರಿ ತಿಂಗಳುಗಟ್ಟಲೆ ಬಟ್ಟೆ ಸುತ್ತಿಕೊಂಡಿದ್ದಳು. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಆ ಡಾಕ್ಟರು ಕೆಟ್ಟವರಲ್ಲ. ಅಂದು ಹೊರಗೆ ನೂರು ಜನ ಕಾಯುತ್ತಿದ್ದಿರಬಹುದು. ಆದರೆ ಬೆರಳು ಹೋದದ್ದು ಆಕೆಯದು.

ಬಡವರು, ಓದಿಲ್ಲದವರು ಹೇಳಿದ ಮಾತು ಕೇಳುವುದಿಲ್ಲ ಎಂಬ ದೂರು ನನಗೆ ಒಪ್ಪಿಗೆಯಿಲ್ಲ. ಶ್ರೀಮಂತ ದೇಶಗಳಲ್ಲೂ ದೀರ್ಘ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದಂತೆ ಔಷಧ ತೆಗೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ವರದಿ ಕೊಟ್ಟಿದೆ.

ನನ್ನ ವಿದ್ಯಾರ್ಥಿನಿ ಈಗ ಪ್ರಶ್ನೆ ಬದಲಿಸಿದ್ದಾಳೆ. "ಮಾತ್ರೆ ಸರಿಯಾಗಿ ತಗೊಂಡ್ರಾ?" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ಈ ತಿಂಗಳು ಎಷ್ಟು ದಿನ ಮಾತ್ರೆ ತಪ್ಪಿತು, ಯಾವ ಹೊತ್ತಿನದು?" ಎಂದು ಕೇಳಿದರೆ ನಿಜ ಬರುತ್ತದೆ. ಅಡುಗೆ ಕೆಲಸಕ್ಕೆ ಹೋಗುವ ಒಬ್ಬರು ರಾತ್ರಿಯ ಮಾತ್ರೆ ಮನೆಯಲ್ಲೇ ಉಳಿಯುತ್ತದೆ ಎಂದರಂತೆ. ಅವರ ಕೆಲಸಕ್ಕೆ ಹೊಂದುವಂತೆ ಮಾತ್ರೆಯ ಹೊತ್ತು ಬದಲಾಯಿಸಿದಳು. 280 ಇದ್ದದ್ದು 190 ಆಯಿತು. "ಗುಣವಾಗಿಲ್ಲ ಟೀಚರ್, ಆದರೆ ಅವರು ಬಂದರೆ ಈಗ ಸುಸ್ತಾಗುವುದಿಲ್ಲ" ಎಂದಳು.

ರಮಝಾನಿನಲ್ಲೂ ಇದೇ ಕಥೆ. ಕಾಯಿಲೆಯವರಿಗೆ ಉಪವಾಸದಿಂದ ರಿಯಾಯಿತಿ ಇರುವುದು ಎಲ್ಲರಿಗೂ ಗೊತ್ತು. ಆದರೂ ಡಾಕ್ಟರು ಬೇಡ ಅಂದಾರು ಎಂದು ಹಲವರು ಆ ತಿಂಗಳು ಆಸ್ಪತ್ರೆಗೇ ಹೋಗುವುದಿಲ್ಲ. ಮಾತ್ರೆಯನ್ನು ತಾವೇ ಸಹರಿಗೊಂದು, ಇಫ್ತಾರಿಗೊಂದು ಎಂದು ಹಂಚಿಕೊಳ್ಳುತ್ತಾರೆ. ಮಧ್ಯಾಹ್ನ ಸಕ್ಕರೆ ಕುಸಿದರೆ ಪ್ರಾಣಕ್ಕೇ ಅಪಾಯ. ಒಂದೆರಡು ತಿಂಗಳು ಮೊದಲೇ "ಈ ಸಲ ಉಪವಾಸ ಹಿಡಿಯುತ್ತೀರಾ?" ಎಂದು ಡಾಕ್ಟರೇ ಕೇಳಿದರೆ ರೋಗಿ ಮುಚ್ಚಿಡುವುದಿಲ್ಲ. ಯಾರು ಹಿಡಿಯಬಹುದು, ಯಾರು ಹಿಡಿಯಲೇಬಾರದು, ಔಷಧ ಹೇಗೆ ಬದಲಿಸಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಮಾರ್ಗಸೂಚಿಯೇ ಇದೆ. ಮೆಡಿಕಲ್ ಓದುವ ಮಕ್ಕಳು ಅದನ್ನು ಹುಡುಕಿ ಓದಿ.

ಮಕ್ಕಳೇ, ರಜೆಯಲ್ಲಿ ಊರಿಗೆ ಬಂದಾಗ ನಿಮ್ಮ ಅಜ್ಜಿಯದೋ ಪಕ್ಕದ ಮನೆಯವರದೋ ಮಾತ್ರೆ ಡಬ್ಬಿ ತೆರೆದು ನೋಡಿ. ಯಾವುದು ಯಾವ ಹೊತ್ತಿಗೆ ಎಂದು ಡಾಕ್ಟರ ಚೀಟಿ ನೋಡಿ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಯಾವುದು ಉಳಿದಿದೆ, ಯಾಕೆ ಉಳಿದಿದೆ ಎಂದು ಕೇಳಿ. ಗದರಿಸದೆ ಕೇಳಲು ಬರುತ್ತದೆಯೇ ಎಂದು ಅಲ್ಲೇ ನಿಮಗೆ ತಿಳಿಯುತ್ತದೆ.