ಕಣ್ಣುಜ್ಜುವ ಮಕ್ಕಳು



ನಮ್ಮ ವಕ್ಕಲೇರಿ ಕಡೆ ಬೇಸಿಗೆಯ ಧೂಳೆದ್ದರೆ ಮಕ್ಕಳು ಕಣ್ಣು ಉಜ್ಜುತ್ತಲೇ ಇರ್ತಾರೆ. ನಾವೂ ‘ಉಜ್ಜಬೇಡ ಕಣೋ’ ಅಂತ ಹೇಳಿ ಕೆಲಸಕ್ಕೆ ಹೋಗ್ತೀವಿ. ಅಷ್ಟು ಹಗುರವಾಗಿ ಬಿಡಬಾರದು.

ಕಣ್ಣಿನ ಮುಂದೆ, ಗಡಿಯಾರದ ಗಾಜಿನಂತೆ, ಕಾರ್ನಿಯಾ ಎಂಬ ಪಟಲವಿದೆ. ಅದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಕೆರಟೋಕೋನಸ್ ಕಾಯಿಲೆಯಲ್ಲಿ ಅದು ಇನ್ನೂ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಉಜ್ಜಿದಷ್ಟೂ ಹೆಚ್ಚು. ಸಾಮಾನ್ಯವಾಗಿ ನೋವಿರಲ್ಲ. ಹದಿಹರೆಯದಲ್ಲಿ ಶುರುವಾಗಿ 30-40 ವಯಸ್ಸಿನವರೆಗೂ ಬೆಳೆಯಬಹುದು. ಮೊದಲು ಕನ್ನಡಕ ಸಾಕು. ಆಮೇಲೆ ನಂಬರ್ ಪದೇಪದೇ ಬದಲಾಗುತ್ತೆ, ಅಕ್ಷರದ ಪಕ್ಕ ನೆರಳು ಕಾಣುತ್ತೆ, ರಾತ್ರಿ ದೀಪ ಚೆದರಿದಂತಿರುತ್ತೆ. ಮುಂದೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್. ತೀರಾ ಮೀರಿದರೆ ದಾನದ ಕಾರ್ನಿಯಾ ಕಸಿ.

ಬೇಗ ಗೊತ್ತಾದರೆ ರೈಬೋಫ್ಲೇವಿನ್ ಹನಿ ಹಾಕಿ, ನೇರಳಾತೀತ ಬೆಳಕು ಬಿಟ್ಟು ಪಟಲವನ್ನು ಗಟ್ಟಿ ಮಾಡುತ್ತಾರೆ. ಇದಕ್ಕೆ ಕ್ರಾಸ್‌ಲಿಂಕಿಂಗ್ ಎನ್ನುತ್ತಾರೆ. ಹೆಚ್ಚಿನವರಲ್ಲಿ ಕಾಯಿಲೆ ಅಲ್ಲಿಗೇ ನಿಲ್ಲುತ್ತೆ, ಆದರೆ ಕೆಟ್ಟ ಆಕಾರ ಪೂರ್ತಿ ಸರಿಹೋಗಲ್ಲ.

ಹುಡುಗಿಗೆ ಮದುವೆ ಆಗಲ್ಲ ಅಂತ ಮುಚ್ಚಿಡುವ ತಾಯಂದಿರೂ ನಮ್ಮಲ್ಲಿದ್ದಾರೆ. ಮುಚ್ಚಿಟ್ಟ ವರ್ಷಗಳಲ್ಲೇ ಕಣ್ಣು ಹಾಳಾಗೋದು! ನಂಬರ್ ಬೇಗಬೇಗ ಬದಲಾದರೆ ಕನ್ನಡಕದ ಅಂಗಡಿಗೇ ನಿಲ್ಲಬೇಡಿ. ಟಮಕದ ಜಾಲಪ್ಪ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೋ, ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆಗೋ ಕರೆದುಕೊಂಡು ಹೋಗಿ, ಕಾರ್ನಿಯಾದ ಆಕಾರ ನೋಡಬೇಕಾ ಅಂತ ಕೇಳಿ. ಬಸ್ ಖರ್ಚಿಗೆ ಕಷ್ಟವಾದರೆ ಸಂಘದಲ್ಲಿ ಸಾಲ ಕೇಳೋಕೆ ನಾಚಿಕೆ ಬೇಡ.