ಸೋತ ಪಕ್ಷದ ಹಿರಿಯ

ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಯವರ ಹೆಸರು ಹೇಳಿ ಎಳ್ಳುನೀರು ಬಿಡುವುದು ನಮ್ಮ ಎಷ್ಟೋ ಮನೆಗಳಲ್ಲಿ ನಡೆದುಬಂದ ವಾಡಿಕೆ. ಹಿರಿಯನೊಬ್ಬನು ಯುದ್ಧದಲ್ಲಿ ಮಡಿದಿದ್ದರೆ ಅವನನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಆ ಯುದ್ಧ ಒಂದೇ ನಾಡಿನವರು ತಮ್ಮತಮ್ಮಲ್ಲೇ ಹೊಡೆದಾಡಿದ್ದಾಗಿದ್ದು, ಅವನು ನಿಂತ ಪಕ್ಷ ಅಧರ್ಮದ್ದಾಗಿದ್ದರೆ? ಆಗ ನೆನೆಯುವ ಬಗೆ ಹೇಗೆ?

ಅಮೆರಿಕದಲ್ಲಿ ಅನೇಕ ಮನೆತನಗಳಿಗೆ ಇದು ಬರಿಯ ತರ್ಕದ ಮಾತಲ್ಲ. 1861ರಿಂದ 1865ರವರೆಗೆ ಅಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಅಂತರ್ಯುದ್ಧ ನಡೆಯಿತು. 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಗಾಯದಿಂದ ಸತ್ತವರಿಗಿಂತ ರೋಗದಿಂದ ಸತ್ತವರೇ ಅಧಿಕ. ಆ ದೇಶದಲ್ಲಿ ಆಗ ಸುಮಾರು 40 ಲಕ್ಷ ಜನ ಗುಲಾಮರಾಗಿದ್ದರು. ಆ ಪದ್ಧತಿಯನ್ನು ಉಳಿಸಿಕೊಳ್ಳಲೆಂದೇ ದಕ್ಷಿಣದ ಸಂಸ್ಥಾನಗಳು ಒಕ್ಕೂಟವನ್ನು ಬಿಟ್ಟು ಹೊರಟವು. ಮಿಸಿಸಿಪಿ ಸಂಸ್ಥಾನವು 1861ರ ತನ್ನ ಘೋಷಣೆಯಲ್ಲಿ ಈ ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಿದೆ.

ಹಾಗೆಂದು ದಕ್ಷಿಣದ ಸೈನಿಕರೆಲ್ಲ ಗುಲಾಮರ ಒಡೆಯರೇನೂ ಅಲ್ಲ. ಬಡ ಬೇಸಾಯಗಾರರ ಮಕ್ಕಳು ಆ ದಂಡಿನಲ್ಲಿ ಬಹಳ ಮಂದಿ ಇದ್ದರು. 1862ರಿಂದ ಕಾನೂನಿನ ಬಲದಿಂದಲೂ ಜನರನ್ನು ಸೇರಿಸಿಕೊಂಡರು. ಇಂಥವನೊಬ್ಬ ಹಳ್ಳಿಯ ಹುಡುಗ ಹೊರನಾಡಿನ ಮಣ್ಣಿನಲ್ಲಿ ಹೆಸರಿಲ್ಲದೆ ಬಿದ್ದುಹೋದರೆ ಅವನ ತಾಯಿಯ ಸಂಕಟ ಉತ್ತರದ ತಾಯಿಯ ಸಂಕಟಕ್ಕಿಂತ ಕಡಮೆಯದೇ?

ತಪ್ಪು ನಡೆದದ್ದು ಆಮೇಲೆ. ಹಿರಿಯರು ನಾಡಿನ ಹಕ್ಕಿಗಾಗಿ ಮಾತ್ರ ಕಾದಿದರೆಂದು ಮಕ್ಕಳು ಮೊಮ್ಮಕ್ಕಳು ಕಥೆ ಕಟ್ಟಿದರು. ಎಷ್ಟೋ ಊರುಗಳಲ್ಲಿ ಪ್ರತಿಮೆ ನಿಲ್ಲಿಸಿದರು. ಗುಲಾಮರ ಮೊಮ್ಮಕ್ಕಳು ಅವುಗಳ ನೆರಳಿನಲ್ಲೇ ಓಡಾಡಬೇಕಾಯಿತು. ಅವರಿಗೂ ಹಿರಿಯರಿದ್ದರಷ್ಟೆ? ಉತ್ತರದ ಸೇನೆಯಲ್ಲಿ ಕಾದಿದ ಕರಿಯ ಸೈನಿಕರು ಸುಮಾರು 1,79,000. ವಾಷಿಂಗ್ಟನ್ ನಗರದಲ್ಲಿ ಅವರ ಸ್ಮಾರಕ ಎದ್ದು ನಿಂತದ್ದು 1998ರಲ್ಲಿ!

ಈ ಸಂಕಟ ನಮ್ಮ ಭಾರತದ ಕಥೆಗೆ ಹೊಸದಲ್ಲ. ಪಾಠ ಹೇಳುವಾಗ ಹುಡುಗರು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: “ಕರ್ಣ ಅಧರ್ಮದ ಕಡೆಯವನಲ್ಲವೇ ಮೇಷ್ಟ್ರೇ, ಧರ್ಮರಾಯ ಏಕೆ ಅತ್ತ?” ನಾನು ಸ್ತ್ರೀಪರ್ವವನ್ನು ತೆಗೆಯುತ್ತೇನೆ. ಯುದ್ಧಕಾಲದಲ್ಲಿ ಜಯದ ಹರಕೆ ಬೇಡಿದ ಮಗನಿಗೆ ಗಾಂಧಾರಿ, ಧರ್ಮ ಎಲ್ಲಿದೆಯೋ ಅಲ್ಲಿಯೇ ಜಯವೆಂದಳು. ಹೆತ್ತ ಕರುಳಾದರೂ ನಾಲಗೆ ಸುಳ್ಳಾಡಲಿಲ್ಲ. ಅದೇ ಮಗ ಕಳದಲ್ಲಿ ಬಿದ್ದಾಗ ಅಪ್ಪಿಕೊಂಡು ಗೋಳಿಟ್ಟಳು. ಅಳು ಬಂದಿತೆಂದು ಮೊದಲಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡಳೇ? ಇಲ್ಲ.

ಧರ್ಮರಾಯನೋ, ಎರಡು ಕಡೆಯವರಿಗೂ ಸಂಸ್ಕಾರ ಮಾಡಿಸಿದನು. ನೆಂಟರಿಲ್ಲದ ಅನಾಥ ಹೆಣಗಳನ್ನೂ ಬಿಡಿಸಲಿಲ್ಲ. ಗಂಗೆಯ ತೀರದಲ್ಲಿ, ಕರ್ಣ ನಿಮ್ಮ ಹಿರಿಯಣ್ಣನೆಂದು ಕುಂತಿ ಬಾಯಿಬಿಟ್ಟಾಗ ಎದೆಯೊಡೆದು ಅತ್ತು, ಕರ್ಣನ ಹೆಂಡಿರನ್ನು ಕರೆಸಿಕೊಂಡು ಅಣ್ಣನಿಗೆ ಜಲತರ್ಪಣ ಕೊಟ್ಟನು. ಆದರೆ ದುರ್ಯೋಧನನ ಪಕ್ಷ ನ್ಯಾಯದ್ದೆಂದು ಒಂದು ಮಾತೂ ಆಡಲಿಲ್ಲ.

ಇದರಿಂದ ನಮಗೆ ತಿಳಿಯುವುದಿಷ್ಟು. ನೀರು ಬಿಡುವುದು ಸತ್ತ ಮನುಷ್ಯನಿಗೆ. ಅವನು ಹಿಡಿದ ಬಾವುಟಕ್ಕೆ ಅಲ್ಲ. ಹಿರಿಯನಿಗಾಗಿ ಸುಳ್ಳು ಹೇಳಿದರೆ ಅವನ ಗೌರವ ಹೆಚ್ಚುವುದಿಲ್ಲ; ಅವನ ಪಕ್ಷದಿಂದ ನೊಂದವರ ಮೊಮ್ಮಕ್ಕಳಿಗೆ ಮಾತ್ರ ಎರಡನೆಯ ಸಲ ಅನ್ಯಾಯವಾಗುತ್ತದೆ. ಹಾಗೆಯೇ, ಅವನು ತಪ್ಪು ಪಕ್ಷದವನೆಂದು ಹೆಸರನ್ನೇ ಅಳಿಸಿಬಿಟ್ಟರೆ ಮುಂದಿನವರಿಗೆ ಎಚ್ಚರಿಕೆ ಹೇಳುವವರೇ ಇಲ್ಲವಾಗುತ್ತಾರೆ.

ನಿಮ್ಮ ಮನೆಯ ಗೋಡೆಯ ಮೇಲೆಯೂ ಹಿರಿಯರ ಪಟಗಳಿರಬಹುದು. ಅವರಲ್ಲಿ ದೇವರಂಥವರೂ ಉಂಟು, ಅಲ್ಲದವರೂ ಉಂಟು. ಮಕ್ಕಳು ಕೇಳಿದಾಗ ಹೆಸರನ್ನೂ ಹೇಳಿ, ನಡೆದದ್ದನ್ನೂ ಹೇಳಿ. ಪಟಕ್ಕೆ ಹೂವಿಡುವ ಕೈಗೆ ಆ ಸತ್ಯ ಭಾರವಾಗಲಾರದು.