ಒಂದೇ ಹಾಳೆ, ಹಲವು ಕೈ
(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಶಾಲೆಗೆ ನಾನು ಎರಡು ಸಲ ಸೇರಿದವಳು. 1986ರಲ್ಲಿ ಎಂಟನೇ ತರಗತಿಯ ವಿದ್ಯಾರ್ಥಿನಿಯಾಗಿ, 2008ರಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ. ಹಾಗಾಗಿ ಇಲ್ಲಿ ನಿಂತು ಮಾತಾಡುವಾಗ ಯಾರನ್ನು ಸಾರ್ ಅನ್ನಬೇಕು, ಯಾರು ನನ್ನನ್ನು ಮಿಸ್ ಅನ್ನುತ್ತಾರೆ ಎಂಬುದು ಸ್ವಲ್ಪ ಕಲಸಿಹೋಗುತ್ತದೆ. ಸಮಿತಿಯವರು ನನಗೆ ಕೊಟ್ಟ ವಿಷಯ 'ಗ್ರಾಮೀಣ ಶಿಕ್ಷಣ ಮತ್ತು ತಂತ್ರಜ್ಞಾನ'. ಅದು ದೊಡ್ಡ ಹೊಲ. ಇಪ್ಪತ್ತು ನಿಮಿಷದಲ್ಲಿ ಉಳುವುದಕ್ಕಾಗದು. ಅದರಲ್ಲಿ ಒಂದು ಸಾಲನ್ನು ಮಾತ್ರ ಹಿಡಿಯುತ್ತೇನೆ: ಅಂತರಜಾಲದಲ್ಲಿ ಹಲವರು ಸೇರಿ ಒಂದೇ ಹಾಳೆಯಲ್ಲಿ ಬರೆಯುವ ಸಾಧನಗಳನ್ನು ನಾನು ಹೇಗೆ ಕಲಿತೆ, ಅವು ನಮ್ಮ ಮಕ್ಕಳಿಗೆ ಏನು ಮಾಡಿದವು ಎಂಬುದು.

ಇಲ್ಲಿ ಕುಳಿತಿರುವ ಹಿರಿಯರಿಗೆ ಮುಯ್ಯಾಳು ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಇವತ್ತು ನಿಮ್ಮ ಹೊಲಕ್ಕೆ ನಮ್ಮ ಮನೆಯ ಆಳು, ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯ ಆಳು. ನಾನು ಹೇಳುತ್ತಿರುವ ಸಾಧನವೂ ಅಷ್ಟೇ. ಮಾಮೂಲಿ ಕಾಗದದಲ್ಲಿ ಒಬ್ಬರು ಬರೆದು ಇನ್ನೊಬ್ಬರ ಕೈಗೆ ಕೊಡಬೇಕು. ಇದರಲ್ಲಿ ಹತ್ತು ಜನ ಹತ್ತು ಊರಲ್ಲಿದ್ದು ಅದೇ ಹಾಳೆಯಲ್ಲಿ ಅದೇ ಹೊತ್ತಿಗೆ ಬರೆಯಬಹುದು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಆಗಲೇ ಕಾಣುತ್ತದೆ. ಯಾರು ಯಾವಾಗ ಏನು ಸೇರಿಸಿದರು, ಏನು ಅಳಿಸಿದರು ಎಂಬುದನ್ನು ಆ ಹಾಳೆ ನೆನಪಿಟ್ಟುಕೊಳ್ಳುತ್ತದೆ. ಈ ಕೊನೆಯ ಗುಣವನ್ನು ಮರೆಯಬೇಡಿ, ಮುಂದೆ ಅದೇ ಮುಖ್ಯವಾಗುತ್ತದೆ.

ಇದರ ಹಿಂದಿನ ಕಥೆಯೂ ಚಿಕ್ಕದು. 1995ರಲ್ಲಿ ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬುವರು ಯಾರು ಬೇಕಾದರೂ ತಿದ್ದಬಹುದಾದ ಪುಟಗಳ ವ್ಯವಸ್ಥೆಯೊಂದನ್ನು ಮಾಡಿ ಅದಕ್ಕೆ 'ವಿಕಿ' ಎಂದು ಹೆಸರಿಟ್ಟರು. ಹವಾಯಿ ದ್ವೀಪದ ಭಾಷೆಯಲ್ಲಿ ಹಾಗೆಂದರೆ ಬೇಗ ಎಂದರ್ಥ. 2001ರಲ್ಲಿ ವಿಕಿಪೀಡಿಯ ಬಂತು, 2003ರಲ್ಲಿ ಅದರ ಕನ್ನಡ ಆವೃತ್ತಿಯೂ ಶುರುವಾಯಿತು. 2006ರಲ್ಲಿ ಗೂಗಲ್ ಡಾಕ್ಸ್ ಬಂತು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಶಿಕ್ಷಕರೇ ಸೇರಿ ಪಾಠಕ್ಕೆ ಬೇಕಾದ ಸಾಮಗ್ರಿಯನ್ನು ಕನ್ನಡದಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಡುವ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ವಿಕಿಯೂ ಇದೆ. ಹಳ್ಳಿ ಶಾಲೆಯ ಮೇಷ್ಟ್ರು ಓದುವವರಷ್ಟೇ ಅಲ್ಲ, ಬರೆಯುವವರೂ ಆಗಬಹುದು ಎಂದು ನನಗೆ ಮೊದಲು ತೋರಿಸಿದ್ದು ಅದು.

ಇನ್ನು ನಾನು ಕಲಿತ ಬಗೆ. ಮೊದಲ ಗೋಡೆ ಕನ್ನಡದ ಟೈಪಿಂಗ್. ನಾವೆಲ್ಲ ಪ್ರಶ್ನೆಪತ್ರಿಕೆ ಮಾಡುತ್ತಿದ್ದುದು ಹಳೆಯ ಬಗೆಯ ಫಾಂಟ್‌ಗಳಲ್ಲಿ. ಆ ಫಾಂಟ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ 'ಕೆಂಪೇಗೌಡ' ಎಂದು ಬರೆದದ್ದು ಇಂಗ್ಲಿಷಿನ ಚೂರುಪಾರು ಅಕ್ಷರಗಳಾಗಿ ಕಾಣುತ್ತಿತ್ತು. ಯುನಿಕೋಡ್‌ನಲ್ಲಿ ಹಾಗಿಲ್ಲ, ಕನ್ನಡದ ಒಂದೊಂದು ಅಕ್ಷರಕ್ಕೂ ಪ್ರಪಂಚಕ್ಕೆಲ್ಲ ಒಂದೇ ಸಂಖ್ಯೆ. ಈ ಒಂದು ಮಾತು ತಿಳಿಯದೆ ಎಷ್ಟೋ ಶಿಕ್ಷಕರು 'ಕಂಪ್ಯೂಟರಿಗೆ ಕನ್ನಡ ಬರೋದಿಲ್ಲ' ಎಂದು ಕೈಬಿಟ್ಟಿದ್ದರು. ನನಗೆ ಇದನ್ನು ಹೇಳಿಕೊಟ್ಟದ್ದು ಯಾವ ತರಬೇತಿಯೂ ಅಲ್ಲ. ಇದೇ ಶಾಲೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಈಗ ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗ. ಹಬ್ಬಕ್ಕೆ ಬಂದಾಗ ಎರಡು ಸಂಜೆ ಕೂತು, "ಮಿಸ್, ನೀವು ನಮಗೆ ಭೂಪಟ ತುಂಬೋದು ಕಲಿಸಿದ ಹಾಗೇ, ಒಂದೊಂದೇ" ಎಂದು ಹೇಳಿಕೊಟ್ಟ. ಅವನು ಈ ಸಭೆಯಲ್ಲಿದ್ದಾನೆ. ಹೆಸರು ಹೇಳಬೇಡಿ ಎಂದಿದ್ದಾನೆ, ಹೇಳುವುದಿಲ್ಲ.

ಎರಡನೆಯದು ಸಂಕೋಚ. ಅರ್ಧಂಬರ್ಧ ಬರೆದದ್ದನ್ನು ಬೇರೆಯವರು ನೋಡುತ್ತಾರಲ್ಲ ಎಂಬುದು. ಶಿಕ್ಷಕರಾದ ನಮಗೆ ತಿದ್ದಿ ಅಭ್ಯಾಸ, ತಿದ್ದಿಸಿಕೊಂಡು ಅಭ್ಯಾಸವಿಲ್ಲ. ತಾಲ್ಲೂಕಿನ ಆರು ಜನ ಸಮಾಜ ವಿಜ್ಞಾನದ ಶಿಕ್ಷಕರು ಸೇರಿ ಘಟಕ ಪರೀಕ್ಷೆಗಳ ಪ್ರಶ್ನೆಕೋಶವನ್ನು ಒಂದೇ ಹಾಳೆಯಲ್ಲಿ ಮಾಡತೊಡಗಿದೆವು. ಇತಿಹಾಸ ಒಬ್ಬರಿಗೆ, ಭೂಗೋಳ ಒಬ್ಬರಿಗೆ, ಅರ್ಥಶಾಸ್ತ್ರ ಇನ್ನೊಬ್ಬರಿಗೆ. ಒಬ್ಬರು ಬರೆದ ಪ್ರಶ್ನೆಯ ಪಕ್ಕದಲ್ಲಿ ಮತ್ತೊಬ್ಬರು 'ಇದಕ್ಕೆ ಎರಡು ಉತ್ತರ ಬರುತ್ತದಲ್ಲ' ಎಂದು ಟಿಪ್ಪಣಿ ಹಾಕುತ್ತಿದ್ದರು. ಮೊದಮೊದಲು ಮುಖ ಬಿಗಿಯಾಗುತ್ತಿತ್ತು. ಆಮೇಲೆ ಟಿಪ್ಪಣಿ ಬರದಿದ್ದರೆ 'ಯಾರೂ ಓದಲಿಲ್ಲವೇ' ಎಂದು ನಾವೇ ಫೋನ್ ಮಾಡುವಂತಾಯಿತು. ಒಬ್ಬೊಬ್ಬರೇ ವಾರಗಟ್ಟಲೆ ಮಾಡುತ್ತಿದ್ದ ಕೆಲಸ ಆರು ಪಾಲಾಯಿತು. ಮುಯ್ಯಾಳು ಎಂದೆನಲ್ಲ, ಅದು ಇದೇ.

ಅಷ್ಟರಲ್ಲಿ 2020ರ ಮಾರ್ಚ್ ಬಂತು. ಶಾಲೆಗಳು ಮುಚ್ಚಿದವು. ಆಮೇಲೆ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು, ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಗಿ ನಾವು ಅರಳೀಕಟ್ಟೆಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಮಕ್ಕಳನ್ನು ಕೂರಿಸಿಕೊಂಡೆವು. ಅಕ್ಟೋಬರಿನಲ್ಲಿ ಅದೂ ನಿಂತಿತು. ಪಟ್ಟಣದ ಶಾಲೆಗಳು ವಿಡಿಯೊದಲ್ಲಿ ತರಗತಿ ನಡೆಸುತ್ತಿದ್ದವು. ನಮ್ಮ ಮಕ್ಕಳ ಮನೆಯಲ್ಲಿ ಹೆಚ್ಚೆಂದರೆ ಒಂದು ಸ್ಮಾರ್ಟ್‌ಫೋನ್. ಅದೂ ಅಪ್ಪನ ಜೊತೆ ಬೆಳಿಗ್ಗೆ ಗಾರೆ ಕೆಲಸಕ್ಕೋ ಮಂಡಿಗೋ ಹೋಗಿ ರಾತ್ರಿ ಮನೆಗೆ ಬರುತ್ತಿತ್ತು. ಬೆಳಿಗ್ಗೆ ಹತ್ತು ಗಂಟೆಯ ವಿಡಿಯೊ ತರಗತಿ ಯಾರಿಗೆ?

ಆಗ ನನಗೆ ಹೊಳೆದದ್ದು ಈ ಹಂಚಿಕೊಂಡ ಹಾಳೆ. ಎಲ್ಲರೂ ಒಂದೇ ಹೊತ್ತಿಗೆ ಹಾಜರಿರಬೇಕೆಂಬ ನಿಯಮ ಅದಕ್ಕಿಲ್ಲ. ರಾತ್ರಿ ಒಂಬತ್ತಕ್ಕೆ ಫೋನ್ ಸಿಕ್ಕವಳು ಆಗ ಬರೆಯಲಿ, ಬೆಳಿಗ್ಗೆ ಐದಕ್ಕೆ ಸಿಕ್ಕವನು ಆಗ ಬರೆಯಲಿ. ಬರೀ ಅಕ್ಷರವಾದ್ದರಿಂದ ವಿಡಿಯೊಗೆ ಹೋಲಿಸಿದರೆ ಡೇಟಾ ಖರ್ಚು ಏನೂ ಅಲ್ಲ. ಮೊದಲೇ ಹೊಂದಿಸಿಟ್ಟುಕೊಂಡರೆ ಸಿಗ್ನಲ್ ಇಲ್ಲದ ಕಡೆ ಬರೆದದ್ದೂ ಸಿಗ್ನಲ್ ಸಿಕ್ಕಾಗ ತಾನೇ ಹೋಗಿ ಸೇರಿಕೊಳ್ಳುತ್ತದೆ. ಹತ್ತನೇ ತರಗತಿಯವರನ್ನು ಐದೈದು ಜನರ ಗುಂಪು ಮಾಡಿದೆ. ಗುಂಪಿಗೆ ಒಂದು ಫೋನಾದರೂ ಇರಬೇಕು. ಫೋನ್ ಇಲ್ಲದ ಮಗು ನೋಟ್‌ಬುಕ್ಕಿನಲ್ಲಿ ಬರೆಯುತ್ತದೆ, ಗುಂಪಿನ ಇನ್ನೊಂದು ಮಗು ಅದನ್ನು ಅವಳ ಹೆಸರಿನಲ್ಲೇ ಟೈಪ್ ಮಾಡುತ್ತದೆ. ಟೈಪ್ ಮಾಡಿದವರಿಗಲ್ಲ, ಹೇಳಿದವರಿಗೆ ಅಂಕ. ಫೋನುಗಳು ಅಪ್ಪಂದಿರದಾದ್ದರಿಂದ ನನ್ನ ಕಂಪ್ಯೂಟರಿನಲ್ಲಿ ನೋಡಿದರೆ ಟ್ರ್ಯಾಕ್ಟರ್ ಓಡಿಸುವ, ಹಾಲಿನ ಡೇರಿಗೆ ಹೋಗುವ ಯಜಮಾನರೆಲ್ಲ ಕೂತು ಸಮಾಜ ವಿಜ್ಞಾನ ಬರೆಯುತ್ತಿರುವಂತೆ ಕಾಣುತ್ತಿತ್ತು!

ಪಠ್ಯದ ಪ್ರಶ್ನೋತ್ತರವನ್ನೇ ಬರೆಸಿದ್ದರೆ ಒಬ್ಬರದನ್ನು ಇನ್ನೊಬ್ಬರು ನಕಲು ಮಾಡುತ್ತಿದ್ದರು. ನಕಲು ಮಾಡಲಾಗದ ಕೆಲಸ ಬೇಕಿತ್ತು. 'ನಮ್ಮೂರ ನೀರು' ಎಂಬ ಪಟ್ಟಿ ಮಾಡಿಸಿದೆ. ಕೆರೆ, ಕಟ್ಟೆ, ಕಲ್ಯಾಣಿ, ಗೋಕಟ್ಟೆ, ಸೇದುವ ಬಾವಿ, ಎಲ್ಲದರ ಹೆಸರು ಒಂದು ಕಾಲಮ್ಮಿನಲ್ಲಿ. ಯಾರು ಕಟ್ಟಿಸಿದರು, ಯಾರು ಬಳಸುತ್ತಿದ್ದರು, ಈಗ ಹೇಗಿದೆ, ಇದನ್ನು ಹೇಳಿದವರು ಯಾರು ಎಂಬುದು ಮುಂದಿನ ಕಾಲಮ್ಮುಗಳಲ್ಲಿ. ಮನೆಯ ಹಿರಿಯರನ್ನು ಕೇಳಿ ತುಂಬಬೇಕು. ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳು ಪುಸ್ತಕದಿಂದ ಹೊರಗೆ ಬಂದವು. ನೀರಗಂಟಿಯ ಕೆಲಸ ಮಾಡಿದ ಹಿರಿಯರೊಬ್ಬರು ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡುತ್ತಿದ್ದರು ಎಂಬುದನ್ನು ಮೊಮ್ಮಗಳಿಗೆ ಒಂದು ಪುಟದಷ್ಟು ಹೇಳಿ ಬರೆಸಿದರು. ಅವರು ಈಗಿಲ್ಲ. ಆ ಪುಟ ಇದೆ.

ಈಗ ಹೇಳುವ ಮಾತನ್ನು ಈ ಸಭೆಯಲ್ಲಿ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಸಂಬಂಧಪಟ್ಟ ಎರಡೂ ಮನೆಯವರ ಒಪ್ಪಿಗೆ ಪಡೆದು ಹೇಳುತ್ತಿದ್ದೇನೆ.

ಊರ ನಡುವಿನ ಸೇದುವ ಬಾವಿಯ ಸಾಲಿನಲ್ಲಿ ಒಬ್ಬ ಹುಡುಗ 'ಈ ಬಾವಿಯ ನೀರನ್ನು ಊರಿನವರೆಲ್ಲರೂ ಸೇದುತ್ತಿದ್ದರು' ಎಂದು ಬರೆದಿದ್ದ. ಕಾಲೋನಿಯ ಹುಡುಗಿಯೊಬ್ಬಳು ಅದರ ಕೆಳಗೆ, 'ನಮ್ಮಜ್ಜಿ ಸೇದುತ್ತಿರಲಿಲ್ಲ. ಯಾರಾದರೂ ಸೇದಿ ಹುಯ್ಯುವವರೆಗೂ ಬಿಂದಿಗೆ ಇಟ್ಟುಕೊಂಡು ದೂರ ನಿಂತಿರುತ್ತಿದ್ದರಂತೆ' ಎಂದು ಬರೆದಳು. ಮಾರನೆಯ ಬೆಳಿಗ್ಗೆ ಆ ಸಾಲು ಹಾಳೆಯಲ್ಲಿ ಇರಲಿಲ್ಲ. ಅವಳು ಮತ್ತೆ ಬರೆದಳು. ಸಂಜೆಗೆ ಮತ್ತೆ ಮಾಯ.

ಕರಿಹಲಗೆಯ ಮೇಲೆ ಅಳಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಈ ಹಾಳೆ ನೆನಪಿಟ್ಟುಕೊಳ್ಳುತ್ತದೆ ಎಂದೆನಲ್ಲ. ಯಾವ ಫೋನಿನಿಂದ ಅಳಿಸಿದ್ದು ಎಂಬುದು ನನಗೆ ಕಾಣುತ್ತಿತ್ತು. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಅಳಿಸಿದ ಸಾಲನ್ನು ಅದರ ಜಾಗಕ್ಕೆ ತಂದಿಟ್ಟೆ. ಹಾಳೆಯ ತಲೆಯ ಮೇಲೆ ಒಂದು ನಿಯಮ ಬರೆದೆ: 'ಇನ್ನೊಬ್ಬರು ಬರೆದದ್ದನ್ನು ಅಳಿಸಬೇಡಿ. ಒಪ್ಪದಿದ್ದರೆ ಕೆಳಗೆ ಬರೆಯಿರಿ. ಏನು ಬರೆದರೂ ನಿಮಗೆ ಹೇಳಿದವರು ಯಾರೆಂದು ಬರೆಯಿರಿ.' ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಆ ಹುಡುಗಿಯ ಸಾಲಿನ ಕೆಳಗೆ ಇನ್ನೊಂದು ಸಾಲು ಬಂತು. 'ಹೌದು. ನಮ್ಮಜ್ಜಿ ಹುಯ್ಯುತ್ತಿದ್ದರಂತೆ. ಹೇಳಿದವರು: ನಮ್ಮಜ್ಜಿ.' ಬರೆದವನು ಮೊದಲ ಸಾಲು ಬರೆದ ಹುಡುಗನೇ.

2021ರ ಜನವರಿ 1ರಂದು ಹತ್ತನೇ ತರಗತಿ ಮತ್ತೆ ತೆರೆಯಿತು. ಆ ಮೂರು ಸಾಲನ್ನು ತರಗತಿಯಲ್ಲಿ ಓದಿಸಿ ಸಂವಿಧಾನದ 15 ಮತ್ತು 17ನೇ ವಿಧಿಗಳನ್ನು ಪಾಠ ಮಾಡಿದೆ. ಅಸ್ಪೃಶ್ಯತೆಯನ್ನು ತೊಡೆದುಹಾಕಿದ್ದು 17ನೇ ವಿಧಿ ಎಂಬುದು ಮಕ್ಕಳಿಗೆ ಬಾಯಿಪಾಠ. ಆದರೆ 15ನೇ ವಿಧಿಯಲ್ಲಿ ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟ ಎಂದು ಹೆಸರಿಟ್ಟೇ ಬರೆದಿದ್ದಾರೆ ಎಂಬುದನ್ನು ಅವತ್ತು ಓದಿದಾಗ ತರಗತಿ ಸುಮ್ಮನಾಯಿತು. ಸಂವಿಧಾನ ಬರೆದವರಿಗೆ ಬಾವಿ ಯಾಕೆ ನೆನಪಾಯಿತು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಅಷ್ಟು ವರ್ಷ ಆ ಪಾಠ ಮಾಡಿದ್ದ ನನಗೂ ಅದು ಅವತ್ತಿನ ಹಾಗೆ ಎಂದೂ ತಟ್ಟಿರಲಿಲ್ಲ.

ತಂತ್ರಜ್ಞಾನ ಇದನ್ನೆಲ್ಲ ಮಾಡಿತು ಎಂದು ನಾನು ಹೇಳುವುದಿಲ್ಲ. ಮಾಡಿದ್ದು ಇಬ್ಬರು ಅಜ್ಜಿಯರು ಮತ್ತು ಇಬ್ಬರು ಮಕ್ಕಳು. ತರಗತಿಯಲ್ಲಿ ಎದ್ದು ನಿಂತು ಹೇಳಲಾಗದ ಮಾತನ್ನು ಆ ಹುಡುಗಿ ರಾತ್ರಿ ಮನೆಯಲ್ಲಿ ಕೂತು ಬರೆಯಬಲ್ಲವಳಾದಳು, ಬರೆದದ್ದು ಅಳಿಸಿಹೋಗಲಿಲ್ಲ. ಸಾಧನದ ಪಾಲು ಅಷ್ಟು.

ಇದರ ಕಷ್ಟವನ್ನೂ ಹೇಳಬೇಕು. ಗುಂಪಿನ ಲೆಕ್ಕಕ್ಕೂ ಸಿಗದೆ ದೂರದ ತೋಟದ ಮನೆಗಳಲ್ಲಿ ಉಳಿದ ಮಕ್ಕಳಿದ್ದರು, ಅವರಿಗೆ ಹಾಳೆಯಿಂದ ಪ್ರಯೋಜನವಾಗಲಿಲ್ಲ. ನಡೆದುಕೊಂಡು ಹೋಗಿ ನೋಡುವುದೇ ಅದಕ್ಕೆ ದಾರಿ. ಇನ್ನು, ಪುಕ್ಕಟೆ ಸಿಗುವ ಈ ಹಾಳೆಗಳು ಇರುವುದು ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ. ಆದ್ದರಿಂದ ಮಕ್ಕಳ ಪೂರ್ತಿ ಹೆಸರು, ಫೋನ್ ನಂಬರು, ಫೋಟೊ ಅದರಲ್ಲಿ ಹಾಕಬಾರದು. ಲಿಂಕನ್ನು ಕಂಡವರಿಗೆಲ್ಲ ಕಳಿಸಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹದಿನೆಂಟು ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮತ್ತು ವರ್ಷಕ್ಕೊಮ್ಮೆಯಾದರೂ ಎಲ್ಲವನ್ನೂ ಮುದ್ರಿಸಿ ಇಟ್ಟುಕೊಳ್ಳಬೇಕು. ಕಾಗದಕ್ಕೆ ಪಾಸ್‌ವರ್ಡ್ ಬೇಡ.

ಕೊನೆಗೆ ಮೂರು ಬೇಡಿಕೆ. ಶಿಕ್ಷಕ ಮಿತ್ರರೇ, ದೊಡ್ಡದೇನೂ ಬೇಡ, ಒಂದು ಪಟ್ಟಿಯಿಂದ ಶುರುಮಾಡಿ. ನಿಮಗೆ ಬಾರದ್ದನ್ನು ಮಕ್ಕಳ ಎದುರೇ ಕಲಿಯಿರಿ, ಮರ್ಯಾದೆ ಕಡಿಮೆಯಾಗುವುದಿಲ್ಲ. ಹಳೆಯ ವಿದ್ಯಾರ್ಥಿಗಳೇ, ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಟ್ಟಿಸಿ, ಚೆನ್ನಾಗಿರುತ್ತದೆ. ಅದಕ್ಕೂ ಮೊದಲು ಕಂಪ್ಯೂಟರ್ ಕೊಠಡಿಯ ಯುಪಿಎಸ್ ಬ್ಯಾಟರಿಗಳನ್ನು ಬದಲಿಸಿಕೊಡಿ. ಅದಕ್ಕಿಂತ ಹೆಚ್ಚಾಗಿ, ವಾರಕ್ಕೆ ಒಂದು ಗಂಟೆ ಕೊಡಿ. ನೀವು ಬೆಂಗಳೂರಿನಲ್ಲಿರಿ, ದುಬೈನಲ್ಲಿರಿ, ನಮ್ಮ ಮಕ್ಕಳು ಬರೆದ ಹಾಳೆಯ ಪಕ್ಕದಲ್ಲಿ ಒಂದು ಟಿಪ್ಪಣಿ ಹಾಕಲು ಊರಿಗೆ ಬರಬೇಕಾಗಿಲ್ಲ. ಹಿಂದುಳಿದ ಒಂದು ಮಗುವಿನ ಒಂದು ಪ್ಯಾರಾ ಓದಿ, 'ಇದು ಅರ್ಥವಾಯಿತು, ಇದು ಆಗಲಿಲ್ಲ' ಎಂದು ಬರೆದರೆ ಸಾಕು.

ಊರಿನ ಹಿರಿಯರೇ, ನಿಮ್ಮಲ್ಲಿ ಕೇಳುವುದು ಹಣವಲ್ಲ. 'ನಮ್ಮೂರ ನೀರು' ಪಟ್ಟಿಯನ್ನು ಮುದ್ರಿಸಿ, ಹೊಲಿದು, ಎಂಟನೇ ತರಗತಿ ಕೊಠಡಿಯ ವಸ್ತುಪ್ರದರ್ಶನದಲ್ಲಿ ಇಟ್ಟಿದ್ದೇವೆ. ಅದರಲ್ಲಿ ಖಾಲಿ ಸಾಲುಗಳು ಇನ್ನೂ ಬೇಕಾದಷ್ಟಿವೆ. ಪಕ್ಕದಲ್ಲಿ ಇಬ್ಬರು ಮಕ್ಕಳು ಪೆನ್ನು ಹಿಡಿದು ಕೂತಿದ್ದಾರೆ. ಊಟಕ್ಕೆ ಹೋಗುವ ಮುಂಚೆ ಅಲ್ಲಿಗೆ ಹೋಗಿ ನಿಮಗೆ ಗೊತ್ತಿರುವ ಒಂದು ಮಾತು ಹೇಳಿ. ಬರೆದದ್ದು ಸರಿಯಿಲ್ಲ ಅನ್ನಿಸಿದರೆ ಅದನ್ನೂ ಹೇಳಿ. ಅವರು ಹಿಂದಿನದನ್ನು ಅಳಿಸುವುದಿಲ್ಲ, ನಿಮ್ಮದನ್ನು ಕೆಳಗೆ ಬರೆದುಕೊಳ್ಳುತ್ತಾರೆ.